ಹೊಸ ಪಿಸಿ ಆನ್ ಆಗ್ತಿಲ್ಲ: ಫ್ಯಾನ್ ಕಾಲು ಸುತ್ತು ತಿರುಗಿ ನಿಂತುಬಿಡುತ್ತೆ (ಮಂಡ್ಯ)

ಲಗ್ನಪತ್ರಿಕೆ_ಮಂಡ್ಯ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನ್ ಮಾಡೋ ಸಣ್ಣ ಅಂಗಡಿ ನಮ್ಮದು. ಹಳೇ ಕಂಪ್ಯೂಟರಿನಲ್ಲಿ ದೊಡ್ಡ ಫ್ಲೆಕ್ಸ್ ಫೈಲ್ ತೆಗೆದ್ರೆ ಕಾಫಿ ಕುಡಿದು ಬಂದ್ರೂ ಓಪನ್ ಆಗಿರ್ತಿರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೈ ಖಾಲಿ. ಶ್ರಾವಣ ಹುಟ್ಟೋದ್ರೊಳಗೆ ಹೊಸದೊಂದು ಮಾಡ್ಕೊಳ್ಳೋಣ ಅಂತ ಸಾಮಾನು ತರಿಸಿ, ಊರಲ್ಲೇ ಜೋಡಿಸಿಕೊಡೋ ಒಬ್ಬರ ಹತ್ರ ಕೊಟ್ಟೆ. ಅವರು ಎಲ್ಲಾ ಜೋಡಿಸಿ, ಆನ್ ಆಗ್ಲಿಲ್ಲ ಅಂತ ಹಂಗೇ ವಾಪಸ್ ಕೊಟ್ರು. "ಮದರ್‌ಬೋರ್ಡ್ ಸತ್ತಿದೆ, ಕಂಪನಿಗೆ ಕಳ್ಸಿ" ಅಂದ್ರು. ಕಳ್ಸಿದ್ರೆ ಯಾವಾಗ ಬರುತ್ತೋ, ಅಷ್ಟರಲ್ಲಿ ಸೀಸನ್ ಶುರುವಾಗುತ್ತೆ.

ಸಾಮಾನು ಹೀಗಿದೆ: ರೈಝನ್ 5 7600 ಪ್ರೊಸೆಸರು, ಬಿ650 ಮೈಕ್ರೋ ಎಟಿಎಕ್ಸ್ ಬೋರ್ಡು, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, 1 ಟಿಬಿ ಎನ್‌ವಿಎಂಇ (ಬೋರ್ಡಿಗೇ ಸಿಗಿಸೋ ಎಸ್‌ಎಸ್‌ಡಿ), 650 ವ್ಯಾಟಿನ ಸೆಮಿ ಮಾಡ್ಯುಲರ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡೋ ಪೆಟ್ಟಿಗೆ, ಕೆಲವು ಕೇಬಲ್ ಬಿಚ್ಚಿ ಹಾಕಬಹುದು). ಇಷ್ಟೂ ಹೊಸದು. ಕ್ಯಾಬಿನೆಟ್ಟು ಮತ್ತೆ 2 ಟಿಬಿ ಹಾರ್ಡ್‌ಡಿಸ್ಕು ಹಳೇ ಕಂಪ್ಯೂಟರಿನದು. ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಬಟನ್ ಒತ್ತಿದ್ರೆ ಪ್ರೊಸೆಸರ್ ಮೇಲಿನ ಫ್ಯಾನು ಕಾಲು ಸುತ್ತು ತಿರುಗುತ್ತೆ, ಎಸ್‌ಎಂಪಿಎಸ್ ಒಳಗೆ ಟಿಕ್ ಅನ್ನುತ್ತೆ, ನಿಂತುಹೋಗುತ್ತೆ. ಆಮೇಲೆ ಎಷ್ಟು ಒತ್ತಿದ್ರೂ ಜೀವ ಇಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ ಮತ್ತೆ ಅದೇ ಕಾಲು ಸುತ್ತು. ಬೋರ್ಡಿನ ಮೂಲೇಲಿ ಒಂದು ಸಣ್ಣ ಲೈಟು ಮಾತ್ರ ಉರೀತಾನೇ ಇರುತ್ತೆ. ಏನು ಮಾಡ್ಲಿ?


ಪಾಂಡವಪುರದ_ಹೈದ

ಅಣ್ಣ, ಮೊದ್ಲು ರ‍್ಯಾಮ್ ಎರಡೂ ಕಿತ್ತು ಮತ್ತೆ ಗಟ್ಟಿಯಾಗಿ ಒತ್ತಿ ಹಾಕಿ, ಎರಡೂ ಕಡೆ ಕೊಕ್ಕೆ ಕಟ್ ಅನ್ಬೇಕು. ಪ್ರೊಸೆಸರಿನಿಂದ ಎಣಿಸಿದ್ರೆ ಎರಡನೇದು, ನಾಲ್ಕನೇದು, ಆ ಸ್ಲಾಟುಗಳಲ್ಲಿರಬೇಕು. ಆಮೇಲೆ ಬೋರ್ಡಿನ ಮೇಲಿನ ಮೂಲೇಲಿ ಪ್ರೊಸೆಸರಿಗೆ ಅಂತಾನೇ 8 ಪಿನ್ನಿನ ಕರೆಂಟ್ ಕನೆಕ್ಷನ್ ಇರುತ್ತೆ, ಅದು ಹಾಕವ್ರಾ ನೋಡಿ. ನಂಗೊತ್ತಿರೋ ಎಷ್ಟೋ ಜನ ಅದನ್ನ ಮರೆತು ಬೋರ್ಡ್ ಹೋಯ್ತು ಅಂತ ಕೂತಿದ್ರು.


ಕುವೆಂಪುನಗರ_ಬಿಲ್ಡರ್

ಪಾಂಡವಪುರದವರು ಹೇಳಿದ ಎರಡನ್ನೂ ನೋಡಿ, ತಪ್ಪಿಲ್ಲ. ಆದ್ರೆ ನೀವು ಬರೆದಿರೋ ಲಕ್ಷಣ ಅದಲ್ಲ ಅನ್ಸುತ್ತೆ. 8 ಪಿನ್ ಹಾಕದೇ ಇದ್ರೆ ಅಥವಾ ರ‍್ಯಾಮ್ ಸರಿಯಾಗಿ ಕೂರದೇ ಇದ್ರೆ ಸಾಮಾನ್ಯವಾಗಿ ಫ್ಯಾನು ತಿರುಗ್ತಾನೇ ಇರುತ್ತೆ, ಸ್ಕ್ರೀನ್ ಮಾತ್ರ ಬರಲ್ಲ. ನಿಮ್ಮದು ಕಾಲು ಸುತ್ತಿಗೆ ನಿಂತು, ಹಿಂದಿನ ಸ್ವಿಚ್ ಆಫ್ ಮಾಡೋವರೆಗೂ ಮತ್ತೆ ಏಳ್ತಾ ಇಲ್ಲ. ಅಂದ್ರೆ ಎಸ್‌ಎಂಪಿಎಸ್ ತಾನೇ ಬಾಗಿಲು ಹಾಕ್ಕೊಳ್ತಾ ಇದೆ. ಎಲ್ಲೋ ಶಾರ್ಟ್ ಇದೆ, ಅದು ಕಂಡ ತಕ್ಷಣ ಎಲ್ಲ ಲೈನನ್ನೂ ಕಡಿದು ಲಾಕ್ ಆಗುತ್ತೆ. ಪೂರ್ತಿ ಕರೆಂಟ್ ತೆಗೆದ್ರೆ ಮಾತ್ರ ಆ ಲಾಕ್ ಬಿಡೋದು.

ಮೂಲೇಲಿ ಉರೀತಿರೋ ಲೈಟು ಒಳ್ಳೆ ಸುದ್ದಿ. ಎಸ್‌ಎಂಪಿಎಸ್ ಆಫ್ ಇದ್ದಾಗಲೂ ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಾ ಇರುತ್ತೆ. ಅದು ಬರ್ತಿದೆ, ಬಟನ್ನಿನ ಸಂದೇಶಾನೂ ತಲುಪ್ತಿದೆ. ಹಾಗಾಗಿ "ಬೋರ್ಡ್ ಸತ್ತಿದೆ" ಅನ್ನೋಕೆ ಇನ್ನೂ ಯಾವ ಸಾಕ್ಷಿಯೂ ಇಲ್ಲ. ದಯವಿಟ್ಟು ಈಗಲೇ ವಾಪಸ್ ಕಳಿಸ್ಬೇಡಿ. ಕಳಿಸೋಕೆ ಅಂತ ಪ್ರೊಸೆಸರ್ ತೆಗೆದ್ರೆ ಸಾಕೆಟ್ಟಿನ 1718 ಪಿನ್ನು ಬಯಲಾಗುತ್ತೆ. ಒಂದು ಬಗ್ಗಿದ್ರೂ ಆಗ ನಿಜವಾಗಿ ಬೋರ್ಡ್ ಹೋದಂಗೆ.

ಮಾಡಬೇಕಾದ್ದು: ಬೋರ್ಡನ್ನ ಕ್ಯಾಬಿನೆಟ್ಟಿಂದ ಹೊರಗೆ ತೆಗೆದು, ಅದು ಬಂದಿದ್ದ ರಟ್ಟಿನ ಡಬ್ಬದ ಮೇಲೆ ಇಡಿ. ಬೆಳ್ಳಿ ಬಣ್ಣದ ಆ ಪ್ಲಾಸ್ಟಿಕ್ ಕವರ್ ಮೇಲೆ ಬೇಡ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, 24 ಪಿನ್ (ಬೋರ್ಡಿನ ಮುಖ್ಯ ಕರೆಂಟ್ ಪ್ಲಗ್), 8 ಪಿನ್. ಇಷ್ಟೇ. ಎನ್‌ವಿಎಂಇ ಬೇಡ, ಹಾರ್ಡ್‌ಡಿಸ್ಕ್ ಬೇಡ, ಮುಂದಿನ ಯುಎಸ್‌ಬಿ ವೈರು ಬೇಡ. 7600 ಒಳಗೇ ಗ್ರಾಫಿಕ್ಸ್ ಇದೆ, ಮಾನಿಟರನ್ನ ಬೋರ್ಡಿನ ಎಚ್‌ಡಿಎಂಐಗೆ ಹಾಕಿ. ಆನ್ ಮಾಡೋಕೆ ಪವರ್ ಸ್ವಿಚ್ ಅಂತ ಬರೆದಿರೋ ಎರಡು ಪಿನ್ನನ್ನ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ, ಸಾಕು. ಆ ಎರಡಕ್ಕೆ ಪ್ಲಸ್ಸು ಮೈನಸ್ಸು ಇಲ್ಲ.

ಕ್ಯಾಬಿನೆಟ್ಟಿಂದ ತೆಗೆಯುವಾಗ ಬೋರ್ಡಿನ ಕೆಳಗಿನ ಹಿತ್ತಾಳೆ ಕಾಲುಗಳನ್ನೂ ನೋಡಿ. ಹಳೇ ಕ್ಯಾಬಿನೆಟ್ಟು ಅಂದ್ರಿ. ಹಳೇ ಬೋರ್ಡಿಗೆ ಹಾಕಿದ್ದ ಕಾಲು ಹೊಸ ಬೋರ್ಡಿನಲ್ಲಿ ತೂತಿಲ್ಲದ ಕಡೆ ಬಂದ್ರೆ ಬೆನ್ನಿನ ಬೆಸುಗೆಗೆ ತಾಗಿ ಇದೇ ಥರ ಶಾರ್ಟ್ ಆಗುತ್ತೆ.


ಹಳೇ_ಮೇಷ್ಟ್ರು

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿ ನಿವೃತ್ತನಾದವನು ನಾನು, ಸರಸ್ವತಿಪುರಂ. ಬೋರ್ಡ್ ಬಿಚ್ಚುವ ಮುಂಚೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷೆ ಮಾಡಿಬಿಡಿ, ಅನುಮಾನ ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಕೇಬಲ್ಲೂ ತೆಗೆದಿಟ್ಟು, 24 ಪಿನ್ನಿನ ಪ್ಲಗ್ಗಿನಲ್ಲಿ 16ನೇ ಪಿನ್ನನ್ನು ಪಕ್ಕದ ಗ್ರೌಂಡಿಗೆ ಒಂದು ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಆಮೇಲೆ ಸ್ವಿಚ್ ಹಾಕಿ. ಬಣ್ಣದ ತಂತಿ ಇದ್ದರೆ 16ನೆಯದು ಹಸಿರು, ಗ್ರೌಂಡ್ ಕಪ್ಪು. ಈಗಿನವುಗಳಲ್ಲಿ ಎಲ್ಲವೂ ಕಪ್ಪೇ ಇರುತ್ತವೆ, ಹಾಗಾಗಿ ಕೊಕ್ಕೆ ಯಾವ ಕಡೆ ಇದೆ ಎಂದು ಚಿತ್ರದ ಜೊತೆ ಹೋಲಿಸಿ ಎಣಿಸಿಯೇ ಹಾಕಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಲೋಡ್ ಇಲ್ಲದಿದ್ದರೆ ಫ್ಯಾನ್ ತಿರುಗದೇ ಇರಬಹುದು. ಅದನ್ನು ನಂಬಬೇಡಿ, ಮಲ್ಟಿಮೀಟರನ್ನು ನಂಬಿ. 12 ವೋಲ್ಟಿನದು 11.4ರಿಂದ 12.6ರೊಳಗೆ, 5ರದು 4.75ರಿಂದ 5.25ರೊಳಗೆ ಇರಬೇಕು. ಎಟಿಎಕ್ಸ್ ನಿಯಮದಲ್ಲಿ ಇವಕ್ಕೆ ನೂರಕ್ಕೆ 5ರಷ್ಟು ಮಾತ್ರ ಆಚೀಚೆ.

ಇನ್ನೊಂದು ವಿಷಯ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಬರಿಗಾಲಿನಲ್ಲಿ ನಿಂತಾಗ?


ಲಗ್ನಪತ್ರಿಕೆ_ಮಂಡ್ಯ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಎಲೆಕ್ಟ್ರಿಷಿಯನ್ ಹತ್ರ ಮಲ್ಟಿಮೀಟರ್ ಇಸ್ಕೊಂಡು ಬಂದೆ. ಎಸ್‌ಎಂಪಿಎಸ್ ಒಂದೇ ಆನ್ ಮಾಡಿದಾಗ 12.08, 5.03, 3.31 ತೋರಿಸ್ತು. 8 ಪಿನ್ ಹಾಕಿದ್ದಾರೆ, ರ‍್ಯಾಮ್ ಎರಡೂ ಸರಿಯಾದ ಸ್ಲಾಟಲ್ಲೇ ಇದ್ದವು. ಹಿತ್ತಾಳೆ ಕಾಲುಗಳನ್ನ ಒಂದೊಂದಾಗಿ ಬೋರ್ಡಿನ ತೂತಿಗೆ ಹೋಲಿಸಿ ನೋಡ್ದೆ, ಹೆಚ್ಚುವರಿ ಯಾವುದೂ ಇಲ್ಲ, ಬೆನ್ನಲ್ಲಿ ಗೀರೂ ಇಲ್ಲ.

ಮೇಷ್ಟ್ರೇ, ಹೌದು, ಕ್ಯಾಬಿನೆಟ್ಟಿನ ಹಿಂಭಾಗ ಮುಟ್ಟಿದ್ರೆ ಇರುವೆ ಹರಿದಂಗೆ ಆಗುತ್ತೆ. ಹಳೇ ಕಂಪ್ಯೂಟರಲ್ಲೂ ಆಗ್ತಿತ್ತು, ಅದು ಮಾಮೂಲು ಅನ್ಕೊಂಡಿದ್ವಿ.

ಈಗ ಬೋರ್ಡನ್ನ ಡಬ್ಬದ ಮೇಲಿಟ್ಟು ಸ್ಕ್ರೂಡ್ರೈವರ್ ಮುಟ್ಟಿಸ್ದೆ. ಫ್ಯಾನ್ ತಿರುಗ್ತು! ನಿಲ್ಲಲೇ ಇಲ್ಲ! ಆದ್ರೆ ಸ್ಕ್ರೀನ್ ಕಪ್ಪು. ಬೋರ್ಡಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಲೈಟಿವೆ, ಅದರಲ್ಲಿ ಡಿರ‍್ಯಾಮ್ ಅನ್ನೋದು ಹಳದಿ ಉರೀತಿದೆ. ಒಂದು ನಿಮಿಷ ನೋಡಿ ಆಫ್ ಮಾಡ್ದೆ. ಇನ್ನೊಂದು ರ‍್ಯಾಮ್ ಹಾಕಿದ್ರೂ ಹಂಗೇ.


ಪಾಂಡವಪುರದ_ಹೈದ

ರ‍್ಯಾಮ್ ಲೈಟ್ ಉರೀತಿದೆ ಅಂದ್ರೆ ರ‍್ಯಾಮೇ ಕಣಣ್ಣ. ಎರೇಸರಲ್ಲಿ ಆ ಚಿನ್ನದ ಬಣ್ಣದ ಕಾಲುಗಳನ್ನ ಉಜ್ಜಿ ನೋಡಿ. ಇಲ್ಲಾಂದ್ರೆ ಬದಲಾಯ್ಸಿ.


ಕುವೆಂಪುನಗರ_ಬಿಲ್ಡರ್

ಎರೇಸರ್ ಬೇಡ, ಹೊಸ ರ‍್ಯಾಮಿಗೆ ಅದರ ಅಗತ್ಯವೇ ಇಲ್ಲ. ಆಫ್ ಕೂಡ ಮಾಡ್ಬೇಡಿ. ಮತ್ತೆ ಆನ್ ಮಾಡಿ, ಎದ್ದು ಹೋಗಿ ತಿಂಡಿ ತಿಂದು ಬನ್ನಿ.

ಇದು ಡಿಡಿಆರ್5 ಬಂದ ಮೇಲೆ ಎಲ್ಲರಿಗೂ ಗೊತ್ತಿರಬೇಕಾದ ವಿಷಯ, ಸ್ವಲ್ಪ ಬಿಡಿಸಿ ಹೇಳ್ತೀನಿ. ಡಿಡಿಆರ್5 ರ‍್ಯಾಮ್ ಸುಮ್ನೆ ಹಾಕಿದ್ರೂ ಒಂದೊಂದು ತಂತಿಯಲ್ಲಿ ಸೆಕೆಂಡಿಗೆ 480 ಕೋಟಿ ಸಲ ಡೇಟಾ ಬದಲಾಗುತ್ತೆ, 4800 ಅಂತ ಕರೆಯೋದು ಅದೇ ಲೆಕ್ಕ. ಅಷ್ಟು ವೇಗದಲ್ಲಿ ಬೋರ್ಡಿನ ತಾಮ್ರದ ಗೆರೆ ಒಂದು ಮಿಲಿಮೀಟರ್ ಉದ್ದ ಗಿಡ್ಡ ಆದ್ರೂ ಲೆಕ್ಕಕ್ಕೆ ಬರುತ್ತೆ. ಅದಕ್ಕೆ ಮೊದಲ ಸಲ ಆನ್ ಆದಾಗ ಪ್ರೊಸೆಸರು ಪ್ರತಿ ಗೆರೆಗೂ ಎಷ್ಟು ತಡವಾಗಿ ಓದಬೇಕು, ಎಷ್ಟು ವೋಲ್ಟೇಜಲ್ಲಿ ಓದಬೇಕು ಅಂತ ಒಂದೊಂದೇ ಹೊಂದಿಸಿ, ಬರೆದು, ಓದಿ ತಾಳೆ ನೋಡುತ್ತೆ. ಮೆಮೊರಿ ಟ್ರೈನಿಂಗ್ ಅಂತಾರೆ. ಆ ಹೊತ್ತಿನಲ್ಲಿ ಸ್ಕ್ರೀನಿಗೆ ಏನೂ ಕಳಿಸೋಕೆ ಆಗಲ್ಲ, ಡಿರ‍್ಯಾಮ್ ಲೈಟು ಉರೀತಿರುತ್ತೆ. 2022ರಲ್ಲಿ ಎಎಂ5 (ನಿಮ್ಮ ಪ್ರೊಸೆಸರ್ ಕೂರೋ ಸಾಕೆಟ್) ಬೋರ್ಡುಗಳು ಬಂದಾಗಿನಿಂದ ಇದೇ ಕಥೆ. ಎಷ್ಟೋ ನಿಮಿಷ ಹಿಡಿಯಬಹುದು, ನಡುವೆ ತಾನೇ ಒಂದ್ಸಲ ಆಫ್ ಆಗಿ ಆನ್ ಆಗಬಹುದು. ಮಧ್ಯದಲ್ಲಿ ಕರೆಂಟ್ ತೆಗೆದ್ರೆ ಅಥವಾ ರ‍್ಯಾಮ್ ಬದಲಿಸಿದ್ರೆ ಮತ್ತೆ ಮೊದಲಿಂದ. ನೀವು ಒಂದು ನಿಮಿಷಕ್ಕೇ ಆಫ್ ಮಾಡಿದ್ರಿಂದ ಅದಕ್ಕೆ ಮುಗಿಸೋಕೆ ಅವಕಾಶವೇ ಸಿಕ್ಕಿಲ್ಲ.

ಕಾಲು ಗಂಟೆ ಆದ್ಮೇಲೂ ಕಪ್ಪೇ ಇದ್ರೆ ಆಗ ರ‍್ಯಾಮನ್ನೋ ಸಾಕೆಟ್ಟನ್ನೋ ಅನುಮಾನ ಪಡೋಣ.


ಲಗ್ನಪತ್ರಿಕೆ_ಮಂಡ್ಯ

ಬಂತು!!! ಒಳಗಿಂದ ಮಗಳು ಕೂಗಿದ್ಲು, "ಅಪ್ಪಾ ಏನೋ ಬಂತು" ಅಂತ. ಬಯಾಸ್ ಸ್ಕ್ರೀನು (ಬೋರ್ಡೇ ತೋರಿಸೋ ಸೆಟ್ಟಿಂಗ್ ಪುಟ). ಪ್ರೊಸೆಸರ್ ಹೆಸರು, 16 ಜಿಬಿ, ಎಲ್ಲಾ ತೋರಿಸ್ತಿದೆ. ಕಂಪನಿಗೆ ಕಳಿಸಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ತಿದೀನಿ. ನಿಮಗೆ ಎಷ್ಟು ಹೇಳಿದ್ರೂ ಕಮ್ಮಿ.

ಇನ್ನೊಂದು ರ‍್ಯಾಮ್, ಎನ್‌ವಿಎಂಇ ಎರಡೂ ಹಾಕಿ ನೋಡಿ ಆಮೇಲೆ ಕ್ಯಾಬಿನೆಟ್ಟಿಗೆ ಕೂರಿಸ್ತೀನಿ.


ಕುವೆಂಪುನಗರ_ಬಿಲ್ಡರ್

ತುಂಬಾ ಖುಷಿ ಆಯ್ತು. ಆದ್ರೆ ಒಂದು ಮಾತು: ಕಪ್ಪು ಸ್ಕ್ರೀನಿಗೆ ಕಾರಣ ಸಿಕ್ತು, ಕಾಲು ಸುತ್ತಿಗೆ ಕಾರಣ ಇನ್ನೂ ಸಿಕ್ಕಿಲ್ಲ. ಅವೆರಡೂ ಬೇರೆ ಬೇರೆ. ಶಾರ್ಟ್ ಇರೋದು ನೀವು ಹೊರಗೆ ಬಿಟ್ಟಿರೋ ಯಾವುದರಲ್ಲೋ. ಒಂದ್ಸಲಕ್ಕೆ ಒಂದೇ ವಸ್ತು ಸೇರಿಸಿ, ಪ್ರತಿ ಸಲ ಆನ್ ಮಾಡಿ ನೋಡಿ. ಎರಡು ಒಟ್ಟಿಗೆ ಸೇರಿಸಿದ್ರೆ ಯಾವುದರಿಂದ ಅಂತ ಮತ್ತೆ ಹುಡುಕಬೇಕಾಗುತ್ತೆ.


ಲಗ್ನಪತ್ರಿಕೆ_ಮಂಡ್ಯ · ಭಾನುವಾರ ಮಧ್ಯಾಹ್ನ

ನೀವು ಹೇಳಿದಂಗೇ ಮಾಡ್ದೆ. ಎರಡನೇ ರ‍್ಯಾಮ್ ಸರಿ. ಎನ್‌ವಿಎಂಇ ಸರಿ. ಕ್ಯಾಬಿನೆಟ್ಟಿಗೆ ಕೂರಿಸಿದ್ರೂ ಸರಿ. ಮುಂದಿನ ಬಟನ್, ಯುಎಸ್‌ಬಿ ಸರಿ. ಕೊನೇಗೆ ಹಾರ್ಡ್‌ಡಿಸ್ಕಿಗೆ ಕರೆಂಟ್ ಕೇಬಲ್ ಹಾಕ್ದೆ. ಕಾಲು ಸುತ್ತು, ಟಿಕ್. ಕೇಬಲ್ ತೆಗೆದ್ರೆ ಆನ್ ಆಗುತ್ತೆ. ಹಾರ್ಡ್‌ಡಿಸ್ಕ್ ಹಳೇ ಕಂಪ್ಯೂಟರಲ್ಲಿ ಹೋದ ವಾರದವರೆಗೂ ಚೆನ್ನಾಗಿ ಓಡ್ತಿತ್ತು. ಹಿಂದಿನ ಸೀಸನ್ನುಗಳ ಡಿಸೈನೆಲ್ಲಾ ಅದರಲ್ಲೇ ಇದೆ. ಹೊಸ ಎಸ್‌ಎಂಪಿಎಸ್‌ನ ಸಾಟಾ ಕೇಬಲ್ (ಹಾರ್ಡ್‌ಡಿಸ್ಕಿಗೆ ಕರೆಂಟ್ ಕೊಡೋದು) ಏನಾದ್ರೂ ಕೆಟ್ಟಿರಬಹುದಾ?


ಬೆಸುಗೆ_ಮೈಸೂರು

ಸರ್, ಕೈ ತೆಗೀರಿ. ಆ ಹಾರ್ಡ್‌ಡಿಸ್ಕನ್ನ ಇನ್ನೊಂದು ಸಲ ಯಾವ ಕೇಬಲ್ಲಿಗೂ ಹಾಕ್ಬೇಡಿ.

ಚಿಪ್ ಲೆವೆಲ್ ರಿಪೇರಿ ನನ್ನ ಕೆಲಸ, ಇಂಥದ್ದು ಟೇಬಲ್ ಮೇಲೆ ಬರ್ತಾನೇ ಇರುತ್ತೆ. ಒಂದು ಪ್ರಶ್ನೆ. ಹಾರ್ಡ್‌ಡಿಸ್ಕಿಗೆ ಹೋಗಿರೋ ಕರೆಂಟ್ ಕೇಬಲ್ಲು ಹೊಸ ಎಸ್‌ಎಂಪಿಎಸ್ ಡಬ್ಬದಲ್ಲಿ ಬಂದಿದ್ದೋ, ಹಳೇ ಕ್ಯಾಬಿನೆಟ್ಟಿನಲ್ಲಿ ಮೊದಲೇ ಕಟ್ಟಿದ್ದದ್ದೋ? ಹೊಸ ಡಬ್ಬ ತೆಗೆದು ನೋಡಿ, ಸಾಟಾ ಕೇಬಲ್ ಅದರೊಳಗೇ ಉಳಿದಿದ್ಯಾ?


ಲಗ್ನಪತ್ರಿಕೆ_ಮಂಡ್ಯ

ಡಬ್ಬ ನೋಡ್ದೆ. ಕೇಬಲ್ಲುಗಳು ಪ್ಲಾಸ್ಟಿಕ್ ಕವರಲ್ಲಿ ಹಾಗೇ ಇವೆ, ಬಿಚ್ಚೇ ಇಲ್ಲ. ಕ್ಯಾಬಿನೆಟ್ಟಿನ ಬೆನ್ನಲ್ಲಿ ಹಳೇ ಕೇಬಲ್ಲು ಟ್ಯಾಗ್ ಹಾಕಿ ನೀಟಾಗಿ ಕಟ್ಟಿತ್ತು. ಜೋಡಿಸಿದವರು ಅದನ್ನೇ ಹೊಸ ಎಸ್‌ಎಂಪಿಎಸ್‌ಗೆ ಸಿಗಿಸಿದ್ದಾರೆ. ಸರಿಯಾಗಿ ಕೂತಿದೆ, ಒತ್ತಿ ಹಾಕಿದ್ದೇನೂ ಅಲ್ಲ.


ಬೆಸುಗೆ_ಮೈಸೂರು

ಅದೇ. ಸರಿಯಾಗಿ ಕೂರುತ್ತೆ, ಅದೇ ಅಪಾಯ.

ಎಸ್‌ಎಂಪಿಎಸ್ ಕೇಬಲ್ಲಿಗೆ ಎರಡು ತುದಿ. ಕಂಪ್ಯೂಟರಿನ ಕಡೆಯ ತುದಿಗೆ ನಿಯಮ ಇದೆ. ಸಾಟಾ ಪ್ಲಗ್ಗಿನ 15 ಪಿನ್ನಿನಲ್ಲಿ 7, 8, 9 ಅಂದ್ರೆ 5 ವೋಲ್ಟು, 13, 14, 15 ಅಂದ್ರೆ 12 ವೋಲ್ಟು. ಪ್ರಪಂಚದ ಯಾವ ಕಂಪನಿಯಾದ್ರೂ ಇದೇ. ಆದ್ರೆ ಮಾಡ್ಯುಲರ್ ಎಸ್‌ಎಂಪಿಎಸ್‌ಗೆ ಸಿಗಿಸೋ ಈ ಕಡೆಯ ತುದಿಗೆ ಯಾವ ನಿಯಮಾನೂ ಇಲ್ಲ. 6 ಪಿನ್ನಿನ ಅದೇ ಪ್ಲಗ್ಗು, ಅದೇ ಆಕಾರ, ಆದ್ರೆ ಯಾವ ತೂತಲ್ಲಿ 12, ಯಾವುದರಲ್ಲಿ 5, ಯಾವುದು ಗ್ರೌಂಡ್ ಅನ್ನೋದು ಅವರವರ ಇಷ್ಟ. ಒಂದೇ ಕಂಪನಿಯ ಎರಡು ಮಾಡೆಲ್ಲಿನ ನಡುವೆಯೂ ಬೇರೆ ಇರಬಹುದು. ಹಾಗಾಗಿ ಹಳೇ ಕೇಬಲ್ಲು ಹೊಸ ಎಸ್‌ಎಂಪಿಎಸ್‌ಗೆ ಟಕ್ ಅಂತ ಕೂತು, 5 ಹೋಗಬೇಕಾದ ತಂತಿಯಲ್ಲಿ 12 ಕಳಿಸುತ್ತೆ. ನಿಮ್ಮ ಬೋರ್ಡು, ಪ್ರೊಸೆಸರು, ರ‍್ಯಾಮಿಗೆ ಏನೂ ಆಗಿಲ್ಲ ಯಾಕೆ ಅಂದ್ರೆ ಅವಕ್ಕೆ ಹೋಗಿರೋದು ಬೇರೆ ಕೇಬಲ್ಲು. ಹಾರ್ಡ್‌ಡಿಸ್ಕ್ ಒಂದೇ ಸಿಕ್ಕಾಕ್ಕೊಂಡಿದ್ದು.

ನಂಬಿಕೆಗೆ ಅಂತ ಬೇಡ, ಅಳೆದೇ ನೋಡಿ. ಆ ಹಳೇ ಕೇಬಲ್ಲಿನ ಕೊನೇಲಿ ನಾಲ್ಕು ತೂತಿನ ದೊಡ್ಡ ಬಿಳಿ ಪ್ಲಗ್ ಇದ್ರೆ, ಯಾವುದಕ್ಕೂ ಏನನ್ನೂ ಸಿಗಿಸದೆ, ಮೇಷ್ಟ್ರು ಹೇಳಿದ ಪೇಪರ್ ಕ್ಲಿಪ್ ವಿಧಾನದಲ್ಲಿ ಎಸ್‌ಎಂಪಿಎಸ್ ಆನ್ ಮಾಡಿ. ಮೀಟರಿನ ಕಪ್ಪು ಕಡ್ಡಿಯನ್ನ ಎಸ್‌ಎಂಪಿಎಸ್‌ನ ಬಣ್ಣವಿಲ್ಲದ ಲೋಹದ ಮೈಗೆ ಹಿಡಿದು, ಕೆಂಪು ಕಡ್ಡಿಯಿಂದ ಒಂದೊಂದು ತೂತು ನೋಡಿ. ಕೆಂಪು ತಂತಿ 5, ಹಳದಿ 12 ಇರಬೇಕು.


ಲಗ್ನಪತ್ರಿಕೆ_ಮಂಡ್ಯ

ಅಳೆದೆ. ಕೆಂಪು ತಂತಿಯಲ್ಲಿ 12.1. ಹಳದಿಯಲ್ಲಿ 5. ಡಬ್ಬದಲ್ಲಿದ್ದ ಹೊಸ ಕೇಬಲ್ ಹಾಕಿ ಅಳೆದ್ರೆ ಇರಬೇಕಾದ ಕಡೆ ಇರಬೇಕಾದಷ್ಟೇ ಇದೆ.

ಹಾಗಾದ್ರೆ ನನ್ನ ಹಾರ್ಡ್‌ಡಿಸ್ಕ್ ಹೋಯ್ತಾ? ಅದರಲ್ಲಿರೋದು ನನ್ನದು ಮಾತ್ರ ಅಲ್ಲ. ಜನ ಮಗನ ಮದುವೆಗೆ ಮಾಡಿಸಿದ್ದನ್ನ ನೋಡಿ ಮಗಳ ಮದುವೆಗೂ ಅದೇ ಅಂಚು, ಅದೇ ಗಣಪತಿ ಬೇಕು ಅಂತ ಕೇಳ್ಕೊಂಡು ಬರ್ತಾರೆ.


ಬೆಸುಗೆ_ಮೈಸೂರು

ಧೈರ್ಯವಾಗಿರಿ. 3.5 ಇಂಚಿನ ಹಾರ್ಡ್‌ಡಿಸ್ಕುಗಳಿಗೆ ಇಂಥದ್ದಕ್ಕೆ ಅಂತಲೇ ಒಂದು ಕಾವಲು ಇಟ್ಟಿರ್ತಾರೆ. ಹಸಿರು ಬೋರ್ಡಿನಲ್ಲಿ ಕರೆಂಟ್ ಪ್ಲಗ್ಗಿನ ಪಕ್ಕದಲ್ಲೇ ಎರಡು ಕಪ್ಪು ಡಯೋಡ್ ಇರುತ್ತೆ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಒಂದು ತುದಿಯಲ್ಲಿ ಗೆರೆ. ಟಿವಿಎಸ್ ಡಯೋಡ್ ಅಂತಾರೆ. ಒಂದು 5ರ ಲೈನಿಗೆ, ಒಂದು 12ರ ಲೈನಿಗೆ. ಮಿತಿ ಮೀರಿ ವೋಲ್ಟೇಜ್ ಬಂದ್ರೆ ಅದು ಕರೆಂಟನ್ನ ಒಳಗೆ ಬಿಡದೆ ನೇರ ಗ್ರೌಂಡಿಗೆ ಹಾಯಿಸುತ್ತೆ. ಜಾಸ್ತಿ ಆದ್ರೆ ತಾನೇ ಶಾರ್ಟ್ ಆಗಿ ಸಾಯುತ್ತೆ, ಹಿಂದಿರೋ ಚಿಪ್ಪನ್ನ ಉಳಿಸುತ್ತೆ. ಆ ಶಾರ್ಟ್ ನೋಡಿಯೇ ನಿಮ್ಮ ಎಸ್‌ಎಂಪಿಎಸ್ ಲಾಕ್ ಆಗ್ತಿರೋದು. ಈಗ ಸರಿಯಾದ ಕೇಬಲ್ ಹಾಕಿದ್ರೂ ಲಾಕ್ ಆಗುತ್ತೆ.

ಹಾರ್ಡ್‌ಡಿಸ್ಕನ್ನ ಯಾವುದಕ್ಕೂ ಸಿಗಿಸದೆ ಮೇಜಿನ ಮೇಲಿಟ್ಟು, ಮೀಟರನ್ನ ಬೀಪ್ ಗುರುತಿಗೆ ತಿರುಗಿಸಿ, ಕರೆಂಟ್ ಪ್ಲಗ್ಗಿನ 8ನೇ ಪಿನ್ನು ಮತ್ತೆ 5ನೇ ಪಿನ್ನಿಗೆ ಮುಟ್ಟಿಸಿ. ಆಮೇಲೆ 14 ಮತ್ತೆ 12.


ಲಗ್ನಪತ್ರಿಕೆ_ಮಂಡ್ಯ

8 ಮತ್ತೆ 5: ಬೀಪ್ ಬರ್ತಾನೇ ಇದೆ, 0.4 ತೋರಿಸುತ್ತೆ. 14 ಮತ್ತೆ 12: ಬೀಪ್ ಇಲ್ಲ. ಪ್ಲಗ್ ಪಕ್ಕದ ಡಯೋಡ್ ಮೇಲೆ ಸೂಜಿಮೊನೆಯಷ್ಟು ಗುಳಿ ಬಿದ್ದಿದೆ, ಸುತ್ತ ಸ್ವಲ್ಪ ಕಂದು ಬಣ್ಣ. ಮೂಗಿನ ಹತ್ರ ತಂದ್ರೆ ಸುಟ್ಟ ವಾಸನೆ ಇನ್ನೂ ಇದೆ.


ಬೆಸುಗೆ_ಮೈಸೂರು

ಗುಳಿ ಬಿದ್ದಿದೆ ಅಂದ್ರೆ ಕಾವಲುಗಾರ ಕೆಲಸ ಮಾಡಿದ್ದಾನೆ. ಸತ್ತಿರೋ ಆ ಡಯೋಡನ್ನ ತೆಗೆದು, ಮತ್ತೆ ಅಳೆಯಬೇಕು. ಶಾರ್ಟ್ ಹೋಗಿದ್ರೆ ಡಿಸ್ಕ್ ತಿರುಗೋ ಸಾಧ್ಯತೆ ಚೆನ್ನಾಗಿದೆ. ಹೋಗಿಲ್ಲ ಅಂದ್ರೆ ಮೋಟಾರ್ ನಡೆಸೋ ಚಿಪ್ಪೂ ಸುಟ್ಟಿದೆ ಅಂತ. ಆಗ ಅದೇ ಮಾಡೆಲ್ಲಿನ ಬೋರ್ಡು ಹುಡುಕಿ, ಹಳೇ ಬೋರ್ಡಿನ 8 ಕಾಲಿನ ರೋಮ್ (ROM) ಚಿಪ್ಪನ್ನ ಅದಕ್ಕೆ ವರ್ಗಾಯಿಸಬೇಕು, ಯಾಕೆ ಅಂದ್ರೆ ಪ್ರತಿ ಡಿಸ್ಕಿನ ತಲೆಗಳ ಅಳತೆ ಅದರಲ್ಲಿರುತ್ತೆ. ಸುಮ್ನೆ ಬೋರ್ಡ್ ಬದಲಾಯಿಸಿದ್ರೆ ಈಗಿನ ಡಿಸ್ಕು ಓದಲ್ಲ.

ಮನೇಲಿ ಕಟರ್ ಹಾಕಿ ಕೀಳಬೇಡಿ, ಅದರ ಕೆಳಗಿನ ತಾಮ್ರದ ಗೆರೆ ಎದ್ದು ಬಂದ್ರೆ ಕೆಲಸ ಹತ್ತು ಪಟ್ಟಾಗುತ್ತೆ. ಬಿಸಿ ಗಾಳಿಯ ಸ್ಟೇಷನ್ ಇರೋ ಯಾರ ಹತ್ರನಾದ್ರೂ ಮಾಡಿಸಿ. ಮಂಡ್ಯದಲ್ಲೇ ಮೊಬೈಲ್ ಬೋರ್ಡ್ ರಿಪೇರಿ ಮಾಡೋರಿಗೂ ಬರುತ್ತೆ, ಮೈಸೂರಿಗೇ ಬರಬೇಕು ಅಂತಿಲ್ಲ. ಡಿಸ್ಕಿನ ಮುಚ್ಚಳ ಮಾತ್ರ ಯಾರಿಗೂ ಬಿಚ್ಚೋಕೆ ಬಿಡಬೇಡಿ, ಒಳಗೆ ಒಂದು ಧೂಳಿನ ಕಣ ಹೋದ್ರೂ ಮುಗೀತು. ಹೊಸ ಡಯೋಡ್ ಹಾಕಿಸೋದು ಒಳ್ಳೇದು, ಆದ್ರೆ ಅದಕ್ಕಿಂತ ಮೊದಲು ಡೇಟಾ ಕಾಪಿ. ಡಯೋಡ್ ಇಲ್ಲದೆ ಡಿಸ್ಕ್ ಓಡುತ್ತೆ, ಕಾವಲು ಮಾತ್ರ ಇರಲ್ಲ.


ಪಾಂಡವಪುರದ_ಹೈದ

ಇದೆಲ್ಲಾ ಓದಿ ನಂಗೆ ಭಯ ಆಗೋಯ್ತು. ನಮ್ಮನೇಲಿ ಹಳೇ ಎಸ್‌ಎಂಪಿಎಸ್ ಕೇಬಲ್ಲುಗಳು ಒಂದು ಚೀಲದ ತುಂಬ ಅವೆ, ಯಾವುದು ಯಾವುದರದು ಅಂತ ಗೊತ್ತಿಲ್ಲ. ಜೋಡಿಸಿದವರ ಹತ್ರ ದುಡ್ಡು ವಾಪಸ್ ಕೇಳಿ ಅಣ್ಣ. ಕೇಬಲ್ ತಪ್ಪು ಹಾಕಿ ಬೋರ್ಡ್ ಸತ್ತಿದೆ ಅಂದ್ರಲ್ಲ.


ಬೆಸುಗೆ_ಮೈಸೂರು

ಕೇಳಲಿ, ಆದ್ರೆ ಜಗಳಕ್ಕಲ್ಲ. ಎಷ್ಟೋ ವರ್ಷ ಎಸ್‌ಎಂಪಿಎಸ್ ಕೇಬಲ್ಲು ಬೆಸುಗೆ ಹಾಕಿಯೇ ಬರ್ತಿತ್ತು, ಬಿಚ್ಚೋಕೇ ಆಗ್ತಿರಲಿಲ್ಲ. ಆ ಕಾಲದಲ್ಲಿ ಕೈ ಪಳಗಿದವರಿಗೆ ಪ್ಲಗ್ ಕೂತ್ರೆ ಸರಿ ಅನ್ನೋ ನಂಬಿಕೆ ಇರುತ್ತೆ. ನೀಟಾಗಿ ಕಟ್ಟಿರೋ ಕೇಬಲ್ಲನ್ನ ಯಾಕೆ ಕೀಳೋದು ಅಂತ ಬಿಟ್ಟಿರ್ತಾರೆ. ಅವರಿಗೆ ಮೀಟರಲ್ಲಿ ಅಳೆದು ತೋರಿಸಿ. ಮುಂದೆ ಅವರ ಹತ್ರ ಹೋಗೋ ಹತ್ತು ಜನರ ಡಿಸ್ಕ್ ಉಳಿಯುತ್ತೆ.


ಕುವೆಂಪುನಗರ_ಬಿಲ್ಡರ್

ಜೋಡಿಸಿದವರ ಮೇಲೆ ನನಗೆ ಅಷ್ಟು ಕರುಣೆ ಇಲ್ಲ. ಕೇಬಲ್ ವಿಷಯ ಗೊತ್ತಿರಲಿಲ್ಲ, ಸರಿ. ಆದ್ರೆ ಆನ್ ಆಗದೇ ಇದ್ದಾಗ ಹಾರ್ಡ್‌ಡಿಸ್ಕ್ ಒಂದು ತೆಗೆದು ನೋಡೋಕೆ ಎಷ್ಟು ಹೊತ್ತು ಬೇಕಿತ್ತು? ಬೋರ್ಡ್ ಸತ್ತಿದೆ ಅಂತ ತೀರ್ಪು ಕೊಡೋದು ಸುಲಭ, ಅದರ ಖರ್ಚು ಅಲೆದಾಟ ಗಿರಾಕಿಯದು. ದುಡ್ಡು ತಗೊಂಡು ಕೆಲಸ ಮಾಡೋರು ಕನಿಷ್ಠ ಪಕ್ಷ ಒಂದೊಂದೇ ಬಿಚ್ಚಿ ನೋಡಬೇಕು.


ಹಳೇ_ಮೇಷ್ಟ್ರು

ಇಬ್ಬರ ಮಾತೂ ಸರಿ. ನಾನು ಮರೆಯದಂತೆ ಇರುವೆ ಹರಿಯುವ ವಿಷಯಕ್ಕೆ ಬರುತ್ತೇನೆ, ಅದು ಮಾಮೂಲಲ್ಲ.

ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರುವ ಬಾಯಲ್ಲಿ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಅರ್ತಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅರ್ತಿಗೆ. ಅರ್ತ್ ಎಂದರೆ ಕ್ಯಾಬಿನೆಟ್ಟಿನ ಮೈ. ಗೋಡೆಯಲ್ಲಿ ಅರ್ತ್ ಸರಿಯಿದ್ದರೆ ಅವುಗಳಿಂದ ಸೋರುವ ಅಲ್ಪ ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟು 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ಬಹಳ ಕಡಿಮೆ, ಆದ್ದರಿಂದ ಜುಮ್ ಅನ್ನುವುದಷ್ಟೇ. ಆದರೆ ನಾಳೆ ಎಸ್‌ಎಂಪಿಎಸ್ ಒಳಗೆ ನಿಜವಾಗಿ ಫೇಸ್ ತಂತಿ ಮೈಗೆ ತಾಗಿದರೆ ಆ ಕರೆಂಟಿಗೆ ಹೋಗಲು ನಿಮ್ಮ ಕೈ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮಗಳು ಆ ಕಂಪ್ಯೂಟರ್ ಹತ್ತಿರ ಓಡಾಡುತ್ತಾಳೆ ಎಂದು ನೀವೇ ಬರೆದಿದ್ದೀರಿ.

ನಮ್ಮ ಕಡೆಯ ಎಷ್ಟೋ ಹಳೆಯ ಅಂಗಡಿ, ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಅರ್ತ್ ಗುಂಡಿಗೆ ನೀರು ಕಂಡು ಕಾಲವಾಗಿರುತ್ತದೆ. ಮೀಟರ್ ಕೊಟ್ಟ ಎಲೆಕ್ಟ್ರಿಷಿಯನ್ನರನ್ನೇ ಕರೆಸಿ ಫೇಸ್ ಮತ್ತು ಅರ್ತ್ ನಡುವೆ ಅಳೆಯಿಸಿ, 230ರ ಆಸುಪಾಸು ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚಿರಬಾರದು. ಅದು ಸರಿ ಬಂದರೂ ಫೇಸ್ ಮತ್ತು ಅರ್ತ್ ನಡುವೆ ಒಂದು 100 ವ್ಯಾಟಿನ ಬಲ್ಬ್ ಹೊತ್ತಿಸಿ ನೋಡಲಿ, ಪೂರ್ತಿ ಬೆಳಕು ಬರಬೇಕು. ಮೀಟರಿಗೆ ಎಳೆಯಷ್ಟು ಸಂಪರ್ಕ ಸಾಕು, ಬಲ್ಬಿಗೆ ನಿಜವಾದ ದಾರಿ ಬೇಕು. ಅರ್ತ್ ಸೋರಿಕೆಗೆ ಬೀಳುವ ಬ್ರೇಕರ್ ಇದ್ದರೆ ಬಲ್ಬ್ ಹಾಕಿದಾಗ ಅದು ಬೀಳುತ್ತದೆ, ಅದೂ ಒಳ್ಳೆಯ ಲಕ್ಷಣವೇ. ಇದನ್ನು ನೀವು ಮಾಡಬೇಡಿ, ಅವರೇ ಮಾಡಲಿ.


ಲಗ್ನಪತ್ರಿಕೆ_ಮಂಡ್ಯ · ಬುಧವಾರ ಸಂಜೆ

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಮೈಸೂರಿಗೇ ಹೋಗಿ ರಿಪೇರಿಯವರ ಹತ್ರ ಡಯೋಡ್ ತೆಗೆಸಿದೆ. ಅವರು ಬಿಸಿ ಗಾಳಿ ಹಿಡಿದು ಚಿಮುಟದಲ್ಲಿ ಎತ್ತಿದ್ರು, ಮತ್ತೆ ಅಳೆದ್ರು, ಬೀಪ್ ಇಲ್ಲ. ಅವರ ಟೇಬಲ್ ಮೇಲೇ ಕರೆಂಟ್ ಕೊಟ್ಟಾಗ ಡಿಸ್ಕ್ ತಿರುಗೋ ಸದ್ದು ಕೇಳ್ತು. ಆ ಸದ್ದು ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ. ಮದುವೆ ಫೋಲ್ಡರ್ ಮೊದಲು, ಆಮೇಲೆ ಉಳಿದದ್ದು, ಎಲ್ಲಾ ಹೊಸ ಡಿಸ್ಕಿಗೆ ಕಾಪಿ ಆಗಿದೆ. ಇನ್ನೊಂದು ಕಾಪಿ ಮನೇಲಿ ಬೇರೆ ಇಡ್ತೀನಿ. ಹೊಸ ಡಯೋಡನ್ನೂ ಹಾಕಿಕೊಟ್ರು.

ಮೇಷ್ಟ್ರೇ, ಸಾಕೆಟ್ ಬಿಚ್ಚಿದ್ರೆ ಅರ್ತ್ ತಂತಿ ಇತ್ತು, ಹಿಂದುಗಡೆ ಪೆಟ್ಟಿಗೇಲಿ ತುಂಡಾಗಿತ್ತು. ಸೇರಿಸಿ, ಗುಂಡಿಗೆ ಇದ್ದಿಲು ಉಪ್ಪು ಹಾಕಿ ನೀರು ಬಿಟ್ಟಿದ್ದಾರೆ. ಬಲ್ಬ್ ಪೂರ್ತಿ ಉರೀತು. ಈಗ ಕ್ಯಾಬಿನೆಟ್ ಮುಟ್ಟಿದ್ರೆ ಏನೂ ಇಲ್ಲ.

ಜೋಡಿಸಿದವರ ಹತ್ರ ಹೋಗಿದ್ದೆ. ಎರಡೂ ಕೇಬಲ್ ತಗೊಂಡು ಹೋಗಿ ಅವರ ಮುಂದೆನೇ ಅಳೆದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಕೂಲಿ ವಾಪಸ್ ಕೊಟ್ರು, ಅವರ ಹತ್ರ ಇದ್ದ ಹಳೇ ಕೇಬಲ್ ರಾಶಿ ತೆಗೆದು ಪಕ್ಕಕ್ಕಿಟ್ರು.

ಒಂದು ಕೊನೇ ಪ್ರಶ್ನೆ. ರ‍್ಯಾಮ್ ಡಬ್ಬದ ಮೇಲೆ 6000 ಅಂತಿದೆ, ಬಯಾಸಲ್ಲಿ 4800 ತೋರಿಸುತ್ತೆ. ಮೋಸ ಹೋದ್ನಾ?


ಕುವೆಂಪುನಗರ_ಬಿಲ್ಡರ್

ಇಲ್ಲ ಇಲ್ಲ. 4800 ಅನ್ನೋದು ಅದು ತಾನಾಗೇ ಓಡೋ ವೇಗ. ಬಯಾಸಲ್ಲಿ ಎಕ್ಸ್‌ಪೋ ಅಂತ ಇರುತ್ತೆ, ಅದನ್ನ ಆನ್ ಮಾಡಿ ಸೇವ್ ಮಾಡಿದ್ರೆ 6000ಕ್ಕೆ ಹೋಗುತ್ತೆ. ಸೇವ್ ಮಾಡಿದ ತಕ್ಷಣ ಮತ್ತೆ ಕಪ್ಪು ಸ್ಕ್ರೀನ್, ಡಿರ‍್ಯಾಮ್ ಲೈಟ್ ಬರುತ್ತೆ. ಈ ಸಲ ಆಫ್ ಮಾಡ್ಬೇಡಿ.

ಎರಡು ದಿನ ದೊಡ್ಡ ಫ್ಲೆಕ್ಸ್ ಫೈಲುಗಳಲ್ಲಿ ಕೆಲಸ ಮಾಡಿ ನೋಡಿ. ಎಲ್ಲಾದ್ರೂ ತಾನೇ ರೀಸ್ಟಾರ್ಟ್ ಆದ್ರೆ ಎಕ್ಸ್‌ಪೋ ಆಫ್ ಮಾಡಿ ಇಲ್ಲಿ ಬರೀರಿ.


ಬೆಸುಗೆ_ಮೈಸೂರು

ಹಳೇ ಎಸ್‌ಎಂಪಿಎಸ್ ಇನ್ನೂ ಇದ್ರೆ ಆ ಹಳೇ ಕೇಬಲ್ಲನ್ನ ಅದಕ್ಕೇ ಸುತ್ತಿ, ಟೇಪ್ ಹಾಕಿ, ಮಾಡೆಲ್ ಹೆಸರು ಬರೆದಿಡಿ. ಎಸ್‌ಎಂಪಿಎಸ್ ಇಲ್ಲ ಅಂದ್ರೆ ಎರಡೂ ತುದಿ ಕತ್ತರಿಸಿ ಗುಜರಿಗೆ ಹಾಕಿ. ಪಾಂಡವಪುರದವರೇ, ನಿಮ್ಮ ಚೀಲಕ್ಕೂ ಇದೇ ಮಾತು.


ಪಾಂಡವಪುರದ_ಹೈದ

ಇವತ್ತೇ ಕತ್ತರಿಸ್ತೀನಿ ಅಣ್ಣ.